ಸುಣ್ಣದ ಮಣ್ಣಿನಲ್ಲಿ ಹಳದಿಯಾದ ಶೇಂಗಾ: ಹಿರಿಯೂರು ತಾಲ್ಲೂಕಿನ ಒಂದು ಹೊಲದ ಪ್ರಕರಣ

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ, ವೇದಾವತಿ ನದಿಯ ಬಯಲಿಗೆ ಹತ್ತಿರವಿರುವ ಮೂರು ಎಕರೆಯ ಹೊಲವೊಂದರಲ್ಲಿ ಬೇಸಿಗೆ ಶೇಂಗಾ ಹಳದಿಗೆ ತಿರುಗಿ, ಅದರ ಕಾರಣ ತಿಳಿಯುವಷ್ಟರಲ್ಲಿ ಹಂಗಾಮಿನ ಒಂದು ಪಾಲು ಕಳೆದುಹೋದ ಪ್ರಕರಣ ಇದು. ಊರು, ಕುಟುಂಬ, ಸಲಹೆ ಕೊಟ್ಟ ಅಂಗಡಿ ಇವುಗಳ ಗುರುತು ಸಿಗದಂತೆ ವಿವರಗಳನ್ನು ಮರೆಮಾಡಲಾಗಿದೆ. ಇದೇ ಬಗೆಯ ಹೊಲಗಳಲ್ಲಿ ಕೆಲಸ ಮಾಡುವ ಕೃಷಿ ಕಾರ್ಯಕರ್ತರಿಗೂ ರೈತರಿಗೂ ಉಪಯೋಗವಾಗಲಿ ಎಂಬುದು ಈ ಬರಹದ ಉದ್ದೇಶವಾದ್ದರಿಂದ, ಯಾವ ಹಂತದಲ್ಲಿ ಯಾವ ನಿರ್ಧಾರವನ್ನು ಏಕೆ ತೆಗೆದುಕೊಳ್ಳಲಾಯಿತು ಎಂಬುದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲಿ ಬಹಳ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಹೆಸರಾಗಿಸಿದ ಶೇಂಗಾ ಇಲ್ಲಿ ಬಹುಪಾಲು ಮುಂಗಾರಿನ ಬೆಳೆ. ಮಸಾರಿ, ಅಂದರೆ ಕೆಂಪು ಮಣ್ಣಿನ, ನೆಲದಲ್ಲಿ ಮಳೆಯನ್ನೇ ನಂಬಿ ಬಿತ್ತುತ್ತಾರೆ. ಕೊಳವೆಬಾವಿಯಲ್ಲಿ ನೀರಿರುವವರು ಜನವರಿಯಲ್ಲಿ ಬಿತ್ತಿ ಬೇಸಿಗೆ ಬೆಳೆಯನ್ನೂ ತೆಗೆಯುವುದುಂಟು. ಮಸಾರಿಯಲ್ಲಿ ಶೇಂಗಾ ಸಲೀಸಾಗಿ ಬರುತ್ತದೆ. ಆದರೆ ಹಿರಿಯೂರಿನ ತಗ್ಗು ಪ್ರದೇಶಗಳಲ್ಲಿ ಸುಣ್ಣದ ಹರಳು ಬೆರೆತ ಎರೆ, ಅಂದರೆ ಕಪ್ಪು ಮಣ್ಣಿನ, ಭೂಮಿಯೂ ಇದೆ. ಅಂಥ ನೆಲದಲ್ಲಿ ಹತ್ತಿ, ಜೋಳ, ಈರುಳ್ಳಿ ಬೆಳೆದ ಅನುಭವ ಎಷ್ಟಿದ್ದರೂ ಶೇಂಗಾದ ಮಟ್ಟಿಗೆ ಅದು ಪೂರ್ತಿ ಸಾಲದು.

ಈ ಹೊಲದ ಮೇಲ್ಭಾಗ ಮಸಾರಿ ಬೆರೆತ ಮಣ್ಣು, ಕೆಳಭಾಗ ಎರೆ. ಹಿಂದೆ ಹತ್ತಿ, ಈರುಳ್ಳಿ ಬೆಳೆಯುತ್ತಿದ್ದ ಈ ನೆಲವನ್ನು ಕೆಲವು ವರ್ಷಗಳ ಹಿಂದೆ ಜೆಸಿಬಿ ತರಿಸಿ ಮಟ್ಟ ಮಾಡಿಸಲಾಗಿತ್ತು. ಕೆಳಭಾಗದಲ್ಲಿದ್ದ ಒಂದು ಸಣ್ಣ ದಿಬ್ಬವನ್ನು ಕೆರೆದು ತಗ್ಗಿಗೆ ಹರಡಿದಾಗ ಮೇಲ್ಮಣ್ಣು ಹೋಗಿ, ಅಡಿಯಲ್ಲಿದ್ದ ಬಿಳಿ ಹರಳಿನ ಪದರ ಮೇಲೆ ಬಂದಿತ್ತು. ಬಿತ್ತಿದ್ದು ಕದಿರಿ–6 ತಳಿ. ಬಿತ್ತನೆಯಲ್ಲಿ ಸಾರಜನಕ, ರಂಜಕ ಎರಡನ್ನೂ ಕೊಡುವ ಡಿಎಪಿ ಗೊಬ್ಬರ ಹಾಕಲಾಗಿತ್ತು. ಹಿಂದಿನ ಬೆಳೆಗಳಿಗೂ ಪ್ರತಿ ಬಾರಿ ಅದನ್ನೇ ಕೊಡುತ್ತ ಬಂದಿದ್ದರು. ಹೊಲದ ಎರಡು ಬದಿಗಳಲ್ಲಿ ಹಾಗೂ ನಡುವೆ ಒಂದು ಕಡೆ ದನಗಳ ಮೇವಿಗೆಂದು ಮೆಕ್ಕೆಜೋಳದ ಸಾಲುಗಳನ್ನು ಹಾಕಲಾಗಿತ್ತು. ಮೇಲ್ಭಾಗಕ್ಕೆ ಸ್ಪ್ರಿಂಕ್ಲರ್ ಇತ್ತು. ಕೆಳಭಾಗಕ್ಕೆ ಪೈಪು ಸಾಲದೆ ಕಾಲುವೆಯಲ್ಲಿ ನೀರು ಹಾಯಿಸುತ್ತಿದ್ದರು. ಪಂಪ್‌ಸೆಟ್‌ಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಮೋಟಾರು ಚಾಲೂ ಮಾಡಿ ಮಲಗುವುದು, ಬೆಳಗಿನ ಹೊತ್ತಿಗೆ ಕೆಳತುದಿಯಲ್ಲಿ ನೀರು ನಿಂತಿರುವುದು ರೂಢಿಯಾಗಿತ್ತು. ಮಟ್ಟ ಮಾಡಿಸಿದ್ದು, ಡಿಎಪಿ, ಮೇವಿನ ಸಾಲು, ರಾತ್ರಿ ನೀರು ಈ ನಾಲ್ಕನ್ನೂ ಮುಂದಿನ ಬೆಳವಣಿಗೆಯೊಂದಿಗೆ ಆಗ ಯಾರೂ ಜೋಡಿಸಿ ನೋಡಿರಲಿಲ್ಲ.

ಸಮಸ್ಯೆ ಮತ್ತು ಮೊದಲ ಉಪಚಾರಗಳು

ಬಿತ್ತನೆಯಾಗಿ ತಿಂಗಳು ತುಂಬುವ ಹೊತ್ತಿಗೆ ಕೆಳಭಾಗದ ಗಿಡಗಳ ತುದಿ ಎಲೆಗಳು ಬಣ್ಣಗೆಟ್ಟವು. ಮೊದಲಿಗೆ ತಿಳಿ ಹಸಿರು, ಆಮೇಲೆ ಹಳದಿ, ಮಟ್ಟ ಮಾಡಿದ ಜಾಗದಲ್ಲಂತೂ ಹೆಚ್ಚುಕಡಿಮೆ ದಂತದ ಬಿಳುಪು. ಗಿಡ ಸಾಯಲಿಲ್ಲ, ಬಾಡಲೂ ಇಲ್ಲ; ಬೆಳವಣಿಗೆ ಮಾತ್ರ ನಿಂತಿತು.

ಹೊಲ ನೋಡಿಕೊಳ್ಳುವ ಮಗ ಗೊಬ್ಬರದ ಅಂಗಡಿಯಲ್ಲಿ ಕೇಳಿದಾಗ, ಹಳದಿಯೆಂದರೆ ಸಾರಜನಕದ ಕೊರತೆ ಎಂಬ ಉತ್ತರ ಬಂದಿತು. ಯೂರಿಯಾ ಹಾಕಿ ನೀರು ಹಾಯಿಸಲಾಯಿತು. ಕೆಳಗಿನ ಹಳೆಯ ಎಲೆಗಳು ಇನ್ನಷ್ಟು ಕಪ್ಪು ಹಸಿರಾದವು, ತುದಿಯ ಹೊಸ ಎಲೆಗಳು ಇನ್ನಷ್ಟು ಬಿಳಿಚಿಕೊಂಡವು. ರೋಗವಿರಬಹುದೆಂದು ಒಂದು ಶಿಲೀಂಧ್ರನಾಶಕವನ್ನೂ ಜೊತೆಗೆ ಹೆಸರು ಗೊತ್ತಿಲ್ಲದ ಒಂದು ‘ಟಾನಿಕ್’ ಅನ್ನೂ ಸಿಂಪಡಿಸಿದ್ದರಿಂದ ಖರ್ಚು ಬಂದಿತೇ ಹೊರತು ಬೇರೇನೂ ಆಗಲಿಲ್ಲ. ಪಕ್ಕದ ಹೊಲದ ಹಿರಿಯರೊಬ್ಬರು ಇದು ಕಬ್ಬಿಣದ ಕೊರತೆ, ಅನ್ನಭೇದಿ ಹಾಕಿ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಮಣ್ಣಿಗೆ ಎರಚಿ ನೀರು ಬಿಟ್ಟಾಗ ತಿಳಿ ಹಸಿರು ಹರಳುಗಳು ಕೆಲವೇ ದಿನಗಳಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿ ಮಣ್ಣಿನ ಮೇಲೆಯೇ ಉಳಿದವು. ಬೆಳೆ ಹಾಗೆಯೇ ಇದ್ದಿತು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು: ಸರಿಯಾದ ಕಾರಣವನ್ನು ಊಹಿಸಿ ಮಾಡಿದ ಉಪಚಾರ ಫಲಿಸದ ಕಾರಣ, ಮನೆಯವರು ಆ ಊಹೆಯನ್ನೇ ತಪ್ಪೆಂದು ಕೈಬಿಟ್ಟರು. ಮುಂದೆ ಯಾರಾದರೂ ಕಬ್ಬಿಣದ ಮಾತೆತ್ತಿದರೆ ‘ಅದನ್ನೂ ಹಾಕಿ ನೋಡಿದ್ದಾಯ್ತು’ ಎಂಬ ಉತ್ತರ ಸಿದ್ಧವಿತ್ತು.

ಗಿಡದ ಮೇಲೆ ಓದಿದ್ದು

ಆಮೇಲೆ ಕರೆ ಬಂದು ನಾವು ಹೊಲಕ್ಕೆ ಹೋದಾಗ ಕೈಗೊಂಡ ಮೊದಲ ನಿರ್ಧಾರ, ಹೊಸದಾಗಿ ಏನನ್ನೂ ಹಾಕಬಾರದೆಂಬುದು. ಎರಡನೆಯದು, ಕೆಳಭಾಗದ ಗಿಡವೊಂದನ್ನೂ ಮೇಲ್ಭಾಗದ ಗಿಡವೊಂದನ್ನೂ ಬೇರುಸಹಿತ ಕಿತ್ತು ಅಕ್ಕಪಕ್ಕ ಇಟ್ಟು ನೋಡುವುದು.

ಶೇಂಗಾದ ಒಂದು ಎಲೆಯಲ್ಲಿ ನಾಲ್ಕು ಕಿರುಎಲೆಗಳಿರುತ್ತವೆ. ಕೆಳಭಾಗದ ಗಿಡದಲ್ಲಿ ತುದಿಯ ಮೂರು ನಾಲ್ಕು ಎಲೆಗಳು ಹಳದಿಯಾಗಿದ್ದವು. ಅವುಗಳಲ್ಲಿ ಸ್ವಲ್ಪ ಹಿರಿಯವುಗಳ ನರಗಳು ಹಸಿರಾಗಿಯೇ ಇದ್ದು ನಡುವಣ ಜಾಗ ಮಾತ್ರ ಹಳದಿಯಾಗಿತ್ತು. ಬುಡದ ಎಲೆಗಳಿಗೆ ಏನೂ ಆಗಿರಲಿಲ್ಲ. ಇಷ್ಟರಿಂದಲೇ ಹಲವು ಸಂಶಯಗಳು ನಿವಾರಣೆಯಾಗುತ್ತವೆ. ಸಾರಜನಕ ಗಿಡದೊಳಗೆ ಸುಲಭವಾಗಿ ಓಡಾಡುವ ಪೋಷಕಾಂಶ; ಅದು ಸಾಲದಾದಾಗ ಗಿಡವು ಹಳೆಯ ಎಲೆಯಲ್ಲಿರುವುದನ್ನು ಕಿತ್ತು ಚಿಗುರಿಗೆ ಕಳಿಸುವುದರಿಂದ ಹಳದಿ ಬುಡದಿಂದ ಶುರುವಾಗುತ್ತದೆ. ಮೆಗ್ನೀಸಿಯಂ ಕೊರತೆಯಲ್ಲೂ ನರಗಳ ನಡುವೆ ಹಳದಿ ಕಾಣುತ್ತದೆಯಾದರೂ ಅದು ಸಹ ಹಳೆಯ ಎಲೆಗಳಲ್ಲೇ ಮೊದಲು. ಗಂಧಕದ ಕೊರತೆ ಚಿಗುರಿನಲ್ಲಿ ಕಾಣಿಸಿಕೊಂಡರೂ ಅಲ್ಲಿ ನರವೂ ಸೇರಿ ಎಲೆಯೆಲ್ಲ ಒಂದೇ ಸಮನೆ ಬಿಳಿಚುತ್ತದೆ. ಚಿಗುರಿನಲ್ಲಿ ಶುರುವಾಗಿ, ನರ ಹಸಿರಾಗಿ ಉಳಿದು, ನಡುವೆ ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಕಬ್ಬಿಣ ಒಮ್ಮೆ ಎಲೆಯಲ್ಲಿ ಸೇರಿಕೊಂಡ ಮೇಲೆ ಮತ್ತೊಂದು ಎಲೆಗೆ ಸಾಗುವುದು ತೀರ ಕಡಿಮೆ. ಹಾಗಾಗಿ ಪ್ರತಿಯೊಂದು ಹೊಸ ಎಲೆಗೂ ಬೇರು ಹೊಸದಾಗಿ ಕಬ್ಬಿಣ ತಂದುಕೊಡಬೇಕು. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ನಡುವೆ ಇರುವ ಲೋಹ ಮೆಗ್ನೀಸಿಯಂ, ಕಬ್ಬಿಣವಲ್ಲ. ಆದರೆ ಪತ್ರಹರಿತ್ತನ್ನು ಕಟ್ಟುವ ರಾಸಾಯನಿಕ ಹಂತಗಳಿಗೆ ಕಬ್ಬಿಣ ಬೇಕೇಬೇಕು.

ಬೇರುಗಳನ್ನು ತೊಳೆದು ನೋಡಿದಾಗ ಮತ್ತೊಂದು ಸಂಗತಿ ಕಂಡಿತು. ಮೇಲ್ಭಾಗದ ಗಿಡದಲ್ಲಿ ಬೇರುಗಂಟುಗಳು ಹೇರಳವಾಗಿದ್ದು, ಸೀಳಿದರೆ ಒಳಗೆ ನಸುಗೆಂಪು ಬಣ್ಣವಿತ್ತು. ಕೆಳಭಾಗದ ಗಿಡದಲ್ಲಿ ಗಂಟುಗಳು ಕಡಿಮೆ, ಸಣ್ಣವು, ಒಳಗೆ ಬಿಳಿಚಿದವು. ಗಂಟಿನ ಕೆಂಪಿಗೆ ಕಾರಣವಾದ ಲೆಗ್‌ಹಿಮೋಗ್ಲೋಬಿನ್‌ಗೂ ಗಾಳಿಯ ಸಾರಜನಕವನ್ನು ಕಟ್ಟುವ ನೈಟ್ರೋಜಿನೇಸ್ ಕಿಣ್ವಕ್ಕೂ ಕಬ್ಬಿಣ ಬೇಕು. ಅಂದರೆ ಈ ಗಿಡಗಳಿಗೆ ಸಾರಜನಕವೂ ಸರಿಯಾಗಿ ದೊರೆಯುತ್ತಿರಲಿಲ್ಲವೆಂಬುದು ನಿಜವಿರಬಹುದು. ಆದರೆ ಅದು ಕಬ್ಬಿಣದ ಕೊರತೆಯಿಂದ ಹುಟ್ಟಿದ ಕೊರತೆ. ಅಂಗಡಿಯವರ ಸಲಹೆ ಏನೂ ಅಸಂಬದ್ಧವಾಗಿರಲಿಲ್ಲ ಎಂದು ಹೇಳಲು ಇಷ್ಟು ಆಧಾರವಿದೆ.

ಶೇಂಗಾ ಬೇರಿನ ರಚನೆಯ ಬಗ್ಗೆ ಇಲ್ಲಿ ಒಂದು ಮಾತು. ಬಹುತೇಕ ಗಿಡಗಳಲ್ಲಿ ಎಳೆಯ ಬೇರಿನ ಉದ್ದಕ್ಕೂ ಕೂದಲೆಳೆಯಂಥ ಬೇರುರೋಮಗಳಿದ್ದು ಮಣ್ಣಿನ ಕಣಗಳ ನಡುವೆ ನುಸುಳುತ್ತವೆ. ಶೇಂಗಾದಲ್ಲಿ ಅಂಥ ರೋಮಗಳು ಕಡಿಮೆ. ಪಕ್ಕಬೇರು ಹೊರಡುವ ಕವಲಿನಲ್ಲಿ ಗೊಂಚಲಾಗಿ ಕಾಣುತ್ತವೆ. ಬೇರುಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾ ಕೂಡ ಇತರ ಅನೇಕ ದ್ವಿದಳ ಗಿಡಗಳಲ್ಲಿ ರೋಮದ ಮೂಲಕ ಒಳಹೊಕ್ಕರೆ, ಶೇಂಗಾದಲ್ಲಿ ಈ ಕವಲಿನ ಬಿರುಕಿನ ಮೂಲಕ ಒಳಸೇರುತ್ತದೆ.

ಮೆಕ್ಕೆಜೋಳದ ಮಗ್ಗುಲು

ಪ್ರಕರಣದ ದಿಕ್ಕನ್ನು ಬದಲಿಸಿದ್ದು ಮನೆಯ ಹಿರಿಯ ಮಹಿಳೆ ತೋರಿಸಿಕೊಟ್ಟ ಸಂಗತಿ. ದನಗಳಿಗೆ ದಿನಾಲೂ ಮೇವು ಕೊಯ್ಯುವವರು ಅವರೇ ಆದ್ದರಿಂದ ಮೆಕ್ಕೆಜೋಳದ ಸಾಲುಗಳ ಪಕ್ಕ ಓಡಾಡುತ್ತಿದ್ದವರೂ ಅವರೇ. ‘ಹೊಲ ಎಲ್ಲಾ ಹಳದಿ ಅಂತೀರಲ್ಲ ಸಾರ್, ಮೆಕ್ಕೆಜೋಳದ ಮಗ್ಗುಲು ಸಾಲು ಹಸುರಾಗೇ ಐತಲ್ಲ’ ಎಂದು ಅವರು ಹೇಳಿದಾಗ, ಮಗ ಅದನ್ನು ಅಷ್ಟಾಗಿ ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಬದುವಿನ ಪಕ್ಕ ಯಾವಾಗಲೂ ಹಾಗೆಯೇ ಎಂದರು. ಆದರೆ ಹೊಲದ ನಡುವಿನ ಮೇವಿನ ಸಾಲಿಗೆ ಯಾವ ಬದುವೂ ಇರಲಿಲ್ಲ. ಅಲ್ಲಿಯೂ ಮೆಕ್ಕೆಜೋಳಕ್ಕೆ ತಾಗಿದ ಎರಡು ಶೇಂಗಾ ಸಾಲುಗಳು ಹಸಿರಾಗಿದ್ದವು, ಮೂರನೆಯದು ನಸು ಹಳದಿ, ಅದರಾಚೆ ಪೂರ್ತಿ ಹಳದಿ. ಅದೇ ಮಣ್ಣು, ಅದೇ ಗೊಬ್ಬರ.

ಕಬ್ಬಿಣ ಈ ನೆಲದಲ್ಲಿ ಇಲ್ಲವೆಂಬ ಊಹೆ ಇಲ್ಲಿಗೆ ಬಿದ್ದುಹೋಯಿತು. ಹಾಗೆ ನೋಡಿದರೆ ಭೂಮಿಯ ಹೊರಪದರದಲ್ಲಿ ಸುಮಾರು ಶೇ 5ರಷ್ಟು ಕಬ್ಬಿಣವೇ ಇದೆ. ಯಾವ ಹೊಲದಲ್ಲೂ ಒಟ್ಟು ಕಬ್ಬಿಣಕ್ಕೆ ಬರವಿಲ್ಲ. ಗಾಳಿಯಾಡುವ ಮಣ್ಣಿನಲ್ಲಿ ಅದು ಫೆರಿಕ್ ರೂಪದಲ್ಲಿರುತ್ತದೆ, ಅಂದರೆ ತುಕ್ಕಿನ ರೂಪದಲ್ಲಿ. ಮಣ್ಣಿನ ರಸಸಾರ (ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ) ಒಂದು ಅಂಶ ಏರಿದರೆ ಫೆರಿಕ್ ಕಬ್ಬಿಣ ನೀರಿನಲ್ಲಿ ಕರಗುವ ಪ್ರಮಾಣ ಸಾವಿರ ಪಟ್ಟು ಇಳಿಯುತ್ತದೆ. ಸುಣ್ಣದ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುವುದರಿಂದ, ಅಲ್ಲಿ ತಾನಾಗಿ ಕರಗಿ ಬೇರಿಗೆ ಬರುವ ಕಬ್ಬಿಣ ಗಿಡದ ಅಗತ್ಯದ ಹತ್ತಿರಕ್ಕೂ ಬರುವುದಿಲ್ಲ. ಗಿಡ ಅದನ್ನು ಪ್ರಯತ್ನಪಟ್ಟು ಕರಗಿಸಿಕೊಳ್ಳಬೇಕು. ಮಣ್ಣಿಗೆ ಎರಚಿದ ಅನ್ನಭೇದಿ ತುಕ್ಕಾಗಿ ಕುಳಿತದ್ದಕ್ಕೂ ಇದೇ ಕಾರಣ: ಹೊಲದಲ್ಲಿ ಈಗಾಗಲೇ ಟನ್ನುಗಟ್ಟಲೆ ಇರುವ ತುಕ್ಕಿಗೆ ಇನ್ನೊಂದಿಷ್ಟು ಸೇರಿಸಿದಂತಾಯಿತು.

ಕರಗಿಸಿಕೊಳ್ಳುವ ಈ ಕೆಲಸವನ್ನು ಗಿಡಗಳು ಎರಡು ಬಗೆಯಲ್ಲಿ ಮಾಡುತ್ತವೆ. 1986ರಲ್ಲಿ ಜರ್ಮನಿಯ ರೋಮ್‌ಹೆಲ್ಡ್ ಮತ್ತು ಮಾರ್ಶ್ನರ್ ಇವುಗಳನ್ನು ಒಂದನೆಯ ತಂತ್ರ, ಎರಡನೆಯ ತಂತ್ರ ಎಂದು ವಿಂಗಡಿಸಿದರು. ಶೇಂಗಾ, ತೊಗರಿ, ಟೊಮ್ಯಾಟೊದಂಥ ಗಿಡಗಳದ್ದು ಒಂದನೆಯದು. ಬೇರು ಹೈಡ್ರೋಜನ್ ಅಯಾನುಗಳನ್ನು ಹೊರಹಾಕಿ ತನ್ನ ಸುತ್ತಲಿನ ಕೂದಲೆಳೆಯಷ್ಟು ದಪ್ಪದ ಮಣ್ಣನ್ನು ಹುಳಿಯಾಗಿಸುತ್ತದೆ. ಬೇರಿನ ಹೊರಪೊರೆಯ ಮೇಲಿರುವ ಕಿಣ್ವವೊಂದು ಫೆರಿಕ್ ಕಬ್ಬಿಣವನ್ನು ಸುಲಭವಾಗಿ ಕರಗುವ ಫೆರಸ್ ಕಬ್ಬಿಣವಾಗಿಸುತ್ತದೆ. ಫೆರಸ್ ರೂಪ ಮಾತ್ರ ಪೊರೆಯ ಸಾಗಣೆ ಪ್ರೋಟೀನಿನ ಮೂಲಕ ಒಳಗೆ ಸೇರುತ್ತದೆ. ಹುಲ್ಲಿನ ಜಾತಿಯ ಜೋಳ, ಮೆಕ್ಕೆಜೋಳ, ರಾಗಿ, ಭತ್ತ ಇವುಗಳದ್ದು ಎರಡನೆಯ ತಂತ್ರ. ಇವುಗಳ ಬೇರು ಫೆರಿಕ್ ಕಬ್ಬಿಣವನ್ನು ನೇರವಾಗಿ ಹಿಡಿದುಕೊಳ್ಳುವ ಫೈಟೋಸಿಡರೋಫೋರ್ ಎಂಬ ವಸ್ತುಗಳನ್ನು ಸ್ರವಿಸಿ, ಆ ಜೋಡಿಯನ್ನೇ ಇಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಜಪಾನಿನ ತಾಕಾಗಿ ಎಂಬ ವಿಜ್ಞಾನಿ 1976ರಲ್ಲಿ ಓಟ್ಸ್ ಮತ್ತು ಭತ್ತದ ಬೇರು ತೊಳೆದ ನೀರಿನಲ್ಲಿ ಇಂಥ ವಸ್ತುಗಳಿರುವುದನ್ನು ವರದಿ ಮಾಡಿದ್ದರು. ಮೆಕ್ಕೆಜೋಳ ಹೀಗೆ ಸಡಿಲಿಸಿದ ಕಬ್ಬಿಣದ ಒಂದು ಪಾಲು ಪಕ್ಕದ ಶೇಂಗಾ ಬೇರಿಗೂ ಸಿಗುತ್ತದೆ. ಉತ್ತರ ಚೀನಾದ ಸುಣ್ಣಯುಕ್ತ ಮಣ್ಣಿನಲ್ಲಿ ಮೆಕ್ಕೆಜೋಳದ ಜೊತೆ ಬೆಳೆದ ಶೇಂಗಾ ಹಸಿರಾಗಿ, ಒಂಟಿಯಾಗಿ ಬೆಳೆದದ್ದು ಹಳದಿಯಾಗಿ ಇರುವುದನ್ನು ಅಲ್ಲಿನ ಸಂಶೋಧಕರು 2000ರ ಸುಮಾರಿನಿಂದ ವಿವರವಾಗಿ ಪ್ರಕಟಿಸಿದ್ದಾರೆ. ನಮ್ಮಲ್ಲಿ ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿನಲ್ಲಿ ಜೋಳ, ಸಜ್ಜೆ ಇಡುತ್ತಿದ್ದವರು ಇದನ್ನು ತಿಳಿದೇ ಇಡುತ್ತಿದ್ದರೆಂದು ಹೇಳುವುದು ಅತಿಯಾದೀತು. ಅವರ ಲೆಕ್ಕದಲ್ಲಿ ಮೇವು, ಕಾಳು, ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ ಎಂಬ ಮುಂದಾಲೋಚನೆ ಇದ್ದಿತು.

ಮೆಕ್ಕೆಜೋಳದ ಪಕ್ಕದ ಹಸಿರಿಗೆ ಇನ್ನೊಂದು ವಿವರಣೆಯೂ ಸಾಧ್ಯ. ಅದು ನೀರನ್ನು ಬಿರುಸಾಗಿ ಹೀರುವ ಬೆಳೆಯಾದ್ದರಿಂದ ಆ ಸಾಲುಗಳ ಬಳಿ ತೇವ ನಿಲ್ಲುವುದು ಕಡಿಮೆ. ಈ ಹೊಲದಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಲು ಆಗಲಿಲ್ಲ. ಆದರೆ ತೇವದ ಕಡೆಗೆ ಗಮನ ಹರಿದದ್ದು ಈ ಎರಡನೆಯ ವಿವರಣೆಯಿಂದಲೇ.

ನೀರು ನಿಂತಾಗ ಬೇರಿನ ಬುಡದಲ್ಲಿ

ಹಳದಿಯ ನಕ್ಷೆಯೊಂದನ್ನು ಕಾಗದದ ಮೇಲೆ ಬಿಡಿಸಲಾಯಿತು. ಅತಿ ಬಿಳುಪಾಗಿದ್ದದ್ದು ಎರಡು ಕಡೆ: ಜೆಸಿಬಿ ದಿಬ್ಬ ಕೆರೆದ ಜಾಗ, ಮತ್ತು ರಾತ್ರಿ ನೀರು ನಿಲ್ಲುತ್ತಿದ್ದ ಕೆಳತುದಿ. ಮೊದಲನೆಯದರ ಕಾರಣ ಸ್ಪಷ್ಟ. ಅಲ್ಲಿ ಹಿಡಿ ಮಣ್ಣಿಗೆ ಎರಡು ಹನಿ ದುರ್ಬಲ ಆಮ್ಲ ಹಾಕಿದರೆ ನೊರೆಯೇಳುತ್ತಿತ್ತು. ಎರಡನೆಯ ಜಾಗದಲ್ಲಿ ಹರಳು ಅಷ್ಟಿರಲಿಲ್ಲ.

ಬೇರು ಉಸಿರಾಡುವಾಗ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಮಣ್ಣು ಸಡಿಲವಾಗಿದ್ದರೆ ಅದು ಗಾಳಿಗೆ ಸೇರಿಹೋಗುತ್ತದೆ. ರಂಧ್ರಗಳಲ್ಲಿ ನೀರು ತುಂಬಿಕೊಂಡಾಗ ಅದು ಅಲ್ಲಿಯೇ ಉಳಿದು, ನೀರಿನಲ್ಲಿ ಕರಗಿ, ಸುಣ್ಣದ ಕಣಗಳನ್ನು ಕರಗಿಸಿ ಬೈಕಾರ್ಬೊನೇಟನ್ನು ಹುಟ್ಟಿಸುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲೂ ಬೈಕಾರ್ಬೊನೇಟ್ ಇರುತ್ತದೆ. ಶೇಂಗಾ ಬೇರು ಕಷ್ಟಪಟ್ಟು ಹೊರಹಾಕಿದ ಆಮ್ಲವನ್ನು ಈ ಬೈಕಾರ್ಬೊನೇಟ್ ಆ ಕ್ಷಣವೇ ತಟಸ್ಥಗೊಳಿಸುತ್ತದೆ. ಸುತ್ತಲೂ ಹುಳಿಯಾಗದ ಕಾರಣ ಕಬ್ಬಿಣ ಕರಗುವುದಿಲ್ಲ, ರೂಪ ಬದಲಿಸುವ ಕಿಣ್ವವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಯೂರಿಯಾ ಹಾಕಿದ ಮೇಲೆ ಹಳದಿ ಹೆಚ್ಚಿದ್ದಕ್ಕೂ ಇಲ್ಲಿಯೇ ಒಂದು ಉತ್ತರವಿದೆ. ಬೆಚ್ಚಗಿನ ಮಣ್ಣಿನಲ್ಲಿ ಯೂರಿಯಾ ಬೇಗನೆ ಅಮೋನಿಯಂ ಆಗಿ, ಮುಂದೆ ನೈಟ್ರೇಟ್ ಆಗಿ ಬದಲಾಗುತ್ತದೆ. ಬೇರು ನೈಟ್ರೇಟನ್ನು ಒಳಗೆಳೆದುಕೊಳ್ಳುವಾಗ ಅದರ ಸುತ್ತಲಿನ ರಸಸಾರ ಇಳಿಯುವ ಬದಲು ಏರುತ್ತದೆ. ಯೂರಿಯಾದ ಜೊತೆಗೆ ಧಾರಾಳವಾಗಿ ಹಾಯಿಸಿದ ನೀರು ಉಳಿದದ್ದನ್ನು ಮಾಡಿತು.

ಪ್ರಯೋಗಾಲಯದ ವರದಿಗಳು

ಮಣ್ಣು ಪರೀಕ್ಷೆಯಲ್ಲಿ ಕೆಳಭಾಗದ ರಸಸಾರ 8.4 ಎಂದು ಬಂದಿತು. ಸಾವಯವ ಇಂಗಾಲ ಕಡಿಮೆ, ರಂಜಕ ಹೆಚ್ಚು, ಲಭ್ಯ ಕಬ್ಬಿಣ ‘ಸಾಕಷ್ಟಿದೆ’. ಈ ಕೊನೆಯ ಸಾಲು ಗೊಂದಲಕ್ಕೆ ಕಾರಣವಾಯಿತು. ಲೋಹಗಳನ್ನು ಹಿಡಿದುಕೊಳ್ಳುವ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಮಣ್ಣನ್ನು ಕಲಕಿ ಹೊರಬರುವ ಕಬ್ಬಿಣ ಹತ್ತು ಲಕ್ಷಕ್ಕೆ 4.5 ಭಾಗಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಪರಿಗಣಿಸುವುದು ವಾಡಿಕೆ. ಇಲ್ಲಿ ಅದಕ್ಕಿಂತ ತುಸು ಹೆಚ್ಚೇ ಇತ್ತು. ಮಗ ಒಂದು ಹೆಜ್ಜೆ ಮುಂದೆ ಹೋಗಿ ಎಲೆಯ ಮಾದರಿಯನ್ನೂ ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಹಳದಿ ಎಲೆಯ ಒಟ್ಟು ಕಬ್ಬಿಣ ಹಸಿರು ಎಲೆಯದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ವರದಿಯನ್ನು ನಂಬಿ ಕಣ್ಣನ್ನು ಬಿಡಬೇಕೋ, ಕಣ್ಣನ್ನು ನಂಬಿ ವರದಿಯನ್ನು ಬಿಡಬೇಕೋ ಎಂಬ ಪ್ರಶ್ನೆ ಎದುರಾದಾಗ, ವರದಿ ಅಳೆದದ್ದು ಏನನ್ನು ಎಂದು ಕೇಳುವುದು ಉಚಿತವೆನಿಸಿತು. ಡಿಟಿಪಿಎ ಪರೀಕ್ಷೆ ಪ್ರಯೋಗಾಲಯದ ದ್ರಾವಣ ಎಷ್ಟು ಕಬ್ಬಿಣವನ್ನು ಬಿಡಿಸಿಕೊಳ್ಳುತ್ತದೆಂದು ಹೇಳುತ್ತದೆ. ಬೈಕಾರ್ಬೊನೇಟ್ ತುಂಬಿದ ಒದ್ದೆ ಮಣ್ಣಿನಲ್ಲಿ ಶೇಂಗಾ ಬೇರು ಎಷ್ಟು ಬಿಡಿಸಿಕೊಳ್ಳುತ್ತದೆಂದು ಹೇಳುವುದಿಲ್ಲ. ಎಲೆಯ ವಿಷಯದಲ್ಲಿ, ಸುಣ್ಣದ ಮಣ್ಣಿನ ಗಿಡಗಳಲ್ಲಿ ಹಳದಿ ಎಲೆಯಲ್ಲೂ ಒಟ್ಟು ಕಬ್ಬಿಣ ಕಡಿಮೆಯಿಲ್ಲದಿರುವುದು ತಜ್ಞರಿಗೆ ಬಹುಕಾಲದಿಂದ ಗೊತ್ತಿರುವ ವೈಚಿತ್ರ್ಯ. ಬೇರು ಒಳಗೆ ತೆಗೆದುಕೊಂಡ ಕಬ್ಬಿಣ ಬೇರಿನ ಒಳಪದರವಾದ ಅಂತಶ್ಚರ್ಮವನ್ನು ದಾಟಿ, ನೀರನ್ನು ಮೇಲೆ ಸಾಗಿಸುವ ಕ್ಸೈಲಂ ನಾಳಗಳನ್ನು ಸೇರಿದ ಮೇಲೆ ಮತ್ತೆ ಫೆರಿಕ್ ರೂಪದಲ್ಲಿ, ಸಿಟ್ರೇಟ್ ಜೊತೆಗೂಡಿ ಮೇಲೇರುತ್ತದೆ. ಎಲೆಯ ಕೋಶದೊಳಗೆ ಸೇರಲು ಅದು ಇನ್ನೊಮ್ಮೆ ಫೆರಸ್ ಆಗಬೇಕು. ಅದಾಗದಿದ್ದಾಗ ಕಬ್ಬಿಣ ಎಲೆಯಲ್ಲಿದ್ದೂ ಕೆಲಸಕ್ಕೆ ಬರುವುದಿಲ್ಲ. ಬೆಳೆಯದೆ ಕುಗ್ಗಿದ ಎಲೆಯಲ್ಲಿ ಇರುವಷ್ಟೇ ಕಬ್ಬಿಣ ಸಾಂದ್ರವಾಗಿ ಕಾಣುವುದೂ ಉಂಟು, ಎಲೆಯನ್ನು ಚೆನ್ನಾಗಿ ತೊಳೆಯದೆ ಕಳಿಸಿದರೆ ಮೇಲೆ ಕುಳಿತ ಮಣ್ಣಿನ ದೂಳೂ ಲೆಕ್ಕಕ್ಕೆ ಸೇರುತ್ತದೆ. ಫೆರಸ್ ಕಬ್ಬಿಣವನ್ನಷ್ಟೇ ಅಳೆಯುವ ಆರ್ಥೋಫೆನಾಂತ್ರೋಲಿನ್ ಪರೀಕ್ಷೆ ಇದೆ, ಆದರೆ ಅದಕ್ಕೆ ತಾಜಾ ಎಲೆ ಬೇಕು. ಈ ಪ್ರಕರಣದಲ್ಲಿ ಅದನ್ನು ಮಾಡಿಸಲಿಲ್ಲ.

ರಂಜಕ ಹೆಚ್ಚಾಗಿತ್ತೆಂಬ ಸಾಲನ್ನು ಮಾತ್ರ ಎಲ್ಲರೂ ಒಪ್ಪಿದರು. ಹೆಚ್ಚಿನ ರಂಜಕ ಕಬ್ಬಿಣವನ್ನು ಮಣ್ಣಿನಲ್ಲೂ ಗಿಡದೊಳಗೂ ಕಟ್ಟಿಹಾಕುತ್ತದೆ. ಪ್ರತಿ ಬೆಳೆಗೂ ಪರೀಕ್ಷೆಯಿಲ್ಲದೆ ಡಿಎಪಿ ಸುರಿದದ್ದರ ಲೆಕ್ಕ ಅಲ್ಲಿ ಕಾಣುತ್ತಿತ್ತು.

ಹಚ್ಚಿ ನೋಡಿದ ಪರೀಕ್ಷೆ ಮತ್ತು ಸಿಂಪಡಣೆ

ವರದಿಗಳ ವಾದವನ್ನು ಮುಗಿಸಿದ್ದು ಅತಿ ಅಗ್ಗದ ಪರೀಕ್ಷೆ. ಒಂದು ಲೀಟರ್ ಶುದ್ಧ ಕುಡಿಯುವ ನೀರಿನ ಘಟಕದ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಗುರುತು ಹಾಕಿದ ಗಿಡಗಳ ಹಳದಿ ಎಲೆಗಳಲ್ಲಿ ನಾಲ್ಕು ಕಿರುಎಲೆಗಳ ಪೈಕಿ ಎರಡಕ್ಕೆ ಮಾತ್ರ ಬ್ರಷ್ಷಿನಿಂದ ಹಚ್ಚಲಾಯಿತು. ವಾರದೊಳಗೆ ಹಚ್ಚಿದ ಎರಡು ಹಸಿರಾದವು, ಹಚ್ಚದ ಎರಡು ಹಳದಿಯಾಗಿಯೇ ಉಳಿದವು. ಬ್ರಷ್ಷಿನಿಂದ ಹನಿ ಸಿಡಿದಿದ್ದ ಕಡೆ ಹಸಿರು ಚುಕ್ಕೆಗಳು ಮೂಡಿದ್ದವು. ಒಂದೇ ಎಲೆಯಲ್ಲಿ ಪಕ್ಕದ ಕಿರುಎಲೆಗೂ ಕಬ್ಬಿಣ ಹರಿಯದಿರುವುದನ್ನು ಮನೆಯವರೆಲ್ಲ ಕಣ್ಣಾರೆ ಕಂಡರು. ‘ಅದನ್ನೂ ಹಾಕಿ ನೋಡಿದ್ದಾಯ್ತು’ ಎಂಬ ಮಾತು ಆಮೇಲೆ ಕೇಳಲಿಲ್ಲ.

ಮುಂದಿನ ನಿರ್ಧಾರಗಳು ಬೇಗ ಆದವು. ಕೆಳಭಾಗಕ್ಕೆಲ್ಲ ಅದೇ ಪ್ರಮಾಣದ ದ್ರಾವಣವನ್ನು, ಎಕರೆಗೆ ಸುಮಾರು 200 ಲೀಟರ್ ಲೆಕ್ಕದಲ್ಲಿ, ಸಂಜೆಯ ಹೊತ್ತು ಸಿಂಪಡಿಸುವುದೆಂದಾಯಿತು. ಅಷ್ಟು ಘಟಕದ ನೀರು ತರುವುದು ಆಗದ ಮಾತಾದ್ದರಿಂದ ಕೊಳವೆಬಾವಿ ನೀರನ್ನೇ ಬಳಸಬೇಕಾಯಿತು. ಗಡಸು ನೀರಿಗೆ ಅನ್ನಭೇದಿಯನ್ನು ಮೊದಲು ಹಾಕಿದರೆ ದ್ರಾವಣ ಕಂದಾಗಿ, ಕಬ್ಬಿಣವೆಲ್ಲ ಕ್ಯಾನಿನ ತಳ ಸೇರುತ್ತದೆ. ಸಿಟ್ರಿಕ್ ಆಮ್ಲವನ್ನು ಮೊದಲು ಕರಗಿಸಿ, ಆಮೇಲೆ ಅನ್ನಭೇದಿ ಹಾಕಿ, ಕೂಡಲೇ ಸಿಂಪಡಿಸಲಾಯಿತು. ಹತ್ತು ದಿನಗಳ ಬಳಿಕ ಇನ್ನೊಂದು ಸಿಂಪಡಣೆ ಬೇಕಾಯಿತು, ಏಕೆಂದರೆ ಮೊದಲ ಸಲ ಹಸಿರಾದ ಎಲೆಗಳ ಮೇಲೆ ಹೊಸದಾಗಿ ಬಂದ ಎಲೆಗಳು ಮತ್ತೆ ಹಳದಿಯಾಗಿದ್ದವು. ಮಗನಿಗೆ ಇದು ಔಷಧ ಸೋತಂತೆ ಕಂಡಿತು. ಗಿಡದ ರಚನೆ ತಿಳಿದವರಿಗೆ ಅದು ನಿರೀಕ್ಷಿತ.

ಸಿಂಪಡಣೆಗಿಂತ ದೊಡ್ಡ ಬದಲಾವಣೆ ನೀರಿನಲ್ಲಿ ಆಯಿತು. ರಾತ್ರಿಯಿಡೀ ಮೋಟಾರು ಬಿಡುವುದನ್ನು ನಿಲ್ಲಿಸಿ, ಸ್ಪ್ರಿಂಕ್ಲರ್ ಪೈಪುಗಳನ್ನು ಪಾಳಿಯ ಮೇಲೆ ಕೆಳಭಾಗಕ್ಕೂ ಸಾಗಿಸಿ, ನೀರಿನ ಅಂತರವನ್ನು ಹೆಚ್ಚಿಸಲಾಯಿತು. ಕೆಳತುದಿಯಲ್ಲಿ ಬಸಿಗಾಲುವೆ ತೆಗೆಯಲಾಯಿತು. ನೀರು ನಿಲ್ಲುತ್ತಿದ್ದ ಜಾಗದ ಗಿಡಗಳು ಎರಡನೆಯ ಸಿಂಪಡಣೆಯ ಬಳಿಕ ಮತ್ತೆ ಹಳದಿಯಾಗಲಿಲ್ಲ. ದಿಬ್ಬ ಕೆರೆದ ಜಾಗದಲ್ಲಿ ಮಾತ್ರ ಹಳದಿ ಮತ್ತೆ ಮತ್ತೆ ಬಂದಿತು.

ಜಿಪ್ಸಂ ಹಾಕಬೇಕೇ?

ಹೂ ಬಿಡುವ ಹೊತ್ತಿಗೆ ಈ ಪ್ರಶ್ನೆ ಎದ್ದಿತು. ಶೇಂಗಾಕ್ಕೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಂ ಕೊಡುವುದು ಸಾಮಾನ್ಯ ಶಿಫಾರಸು. ಸುಣ್ಣ ಹೆಚ್ಚಾಗಿ ಬೆಳೆ ಕೆಟ್ಟ ಹೊಲಕ್ಕೆ ಮತ್ತೆ ಸುಣ್ಣವೇಕೆ ಎಂದು ಮನೆಯವರು ಹಿಂಜರಿದದ್ದು ಸಹಜ. ಆದರೆ ಜಿಪ್ಸಂ ಕ್ಯಾಲ್ಸಿಯಂ ಸಲ್ಫೇಟ್; ಸುಣ್ಣದ ಹರಳು ಕ್ಯಾಲ್ಸಿಯಂ ಕಾರ್ಬೊನೇಟ್. ಜಿಪ್ಸಂ ರಸಸಾರವನ್ನು ಏರಿಸುವುದಿಲ್ಲ, ಬೈಕಾರ್ಬೊನೇಟ್ ಕೊಡುವುದಿಲ್ಲ, ಜೊತೆಗೆ ಗಂಧಕ ಒದಗಿಸುತ್ತದೆ.

ಶೇಂಗಾಕ್ಕೆ ಇದರ ಅಗತ್ಯ ಬರುವುದು ಅದರ ಕಾಯಿ ಕಟ್ಟುವ ವಿಶಿಷ್ಟ ಬಗೆಯಿಂದ. ಹೂವಿನ ಬುಡದಿಂದ ಸೂಜಿಯಂಥ ತೊಟ್ಟೊಂದು ಇಳಿದು ಮಣ್ಣು ಹೊಕ್ಕು, ಅದರ ತುದಿ ಕಾಯಾಗುತ್ತದೆ. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ಕ್ಸೈಲಂನ ನೀರಿನ ಜೊತೆ. ನೀರು ಹರಿಯುವುದು ಎಲೆಗಳು ಆವಿ ಬಿಡುವ ಕಡೆಗೆ. ಮಣ್ಣಿನೊಳಗಿನ ಕಾಯಿ ಆವಿ ಬಿಡುವುದಿಲ್ಲವಾದ್ದರಿಂದ ಬೇರು ಹೀರಿದ ಕ್ಯಾಲ್ಸಿಯಂ ಅದರ ಪಾಲಿಗೆ ಬರುವುದು ಅತ್ಯಲ್ಪ. ಎಲೆ ತಯಾರಿಸಿದ ಆಹಾರವನ್ನು ಸಾಗಿಸುವ ಫ್ಲೋಯಂ ನಾಳಗಳ ಮೂಲಕ ಸಕ್ಕರೆ ಬರುತ್ತದೆ, ಕ್ಯಾಲ್ಸಿಯಂ ಬರುವುದಿಲ್ಲ. ಹೀಗಾಗಿ ಕಾಯಿಯೇ ತನ್ನ ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲೇ ಇದು ಸ್ಪಷ್ಟವಾಗಿತ್ತು. ಸಾಲದಾದಾಗ ಸಿಪ್ಪೆ ಬೆಳೆದು ಒಳಗೆ ಬೀಜ ತುಂಬದೆ ಜೊಳ್ಳಾಗುತ್ತದೆ.

ಜಿಪ್ಸಂ ಕೊಡುವುದೆಂದೂ, ಮೇಲೆ ಒಂದು, ಕೆಳಗೆ ಒಂದು ಪಟ್ಟಿಯನ್ನು ಹಾಕದೆ ಬಿಟ್ಟು ನೋಡುವುದೆಂದೂ ತೀರ್ಮಾನವಾಯಿತು. ಕಿತ್ತಾಗ ಮೇಲ್ಭಾಗದ ಮಸಾರಿ ಪಟ್ಟಿಯಲ್ಲಿ ಜೊಳ್ಳು ಕಾಯಿ ಕಣ್ಣಿಗೆ ಕಾಣುವಷ್ಟು ಹೆಚ್ಚಿತ್ತು. ಕೆಳಭಾಗದ ಸುಣ್ಣದ ಪಟ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮನೆಯವರ ಹಿಂಜರಿಕೆಯಲ್ಲಿ ಅರ್ಧ ಸತ್ಯವಿತ್ತು: ಕೆಳಭಾಗಕ್ಕೆ ಜಿಪ್ಸಂ ಕೆಡುಕು ಮಾಡಲಿಲ್ಲ, ಆದರೆ ಆ ಖರ್ಚು ಉಳಿಸಬಹುದಿತ್ತು.

ಫಲಿತಾಂಶ ಮತ್ತು ಮುಂದಿನ ಹಂಗಾಮು

ಕೊಯ್ಲಿನಲ್ಲಿ ಮೇಲ್ಭಾಗ ಎಂದಿನಂತೆ ಬಂದಿತು. ನೀರು ನಿಲ್ಲುತ್ತಿದ್ದ ಕೆಳತುದಿ ಚೇತರಿಸಿಕೊಂಡರೂ ತಡವಾಗಿ ಹಸಿರಾದ ಕಾರಣ ಗಿಡಕ್ಕೆ ಕಾಯಿ ಕಡಿಮೆ. ದಿಬ್ಬ ಕೆರೆದ ಜಾಗದಲ್ಲಿ ಬಳ್ಳಿ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಮೆಕ್ಕೆಜೋಳಕ್ಕೆ ತಾಗಿದ ಸಾಲುಗಳು ಕೊನೆಯವರೆಗೂ ಹಸಿರಾಗಿದ್ದವು. ಆದರೆ ಮೆಕ್ಕೆಜೋಳದ ನೆರಳೂ ನೀರಿನ ಪೈಪೋಟಿಯೂ ಇದ್ದುದರಿಂದ ತೀರ ಹತ್ತಿರದ ಸಾಲಿನ ಕಾಯಿ ಸಣ್ಣದಾಗಿತ್ತು. ಎರಡನೆಯ ಸಾಲೇ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು.

ಇಂಥ ಹೊಲಕ್ಕೆ ಕರೆ ಬಂದಾಗ ಕೇಳಬೇಕಾದ ಪ್ರಶ್ನೆಗಳ ಕ್ರಮವೇ ಈ ಪ್ರಕರಣದಿಂದ ಬದಲಾಗಿದೆ. ಯಾವ ಗೊಬ್ಬರ ಹಾಕಿದ್ದೀರಿ ಎಂಬುದು ಈಗ ಕೊನೆಯ ಪ್ರಶ್ನೆ. ಹಳದಿ ಮೊದಲು ಕಂಡದ್ದು ಚಿಗುರಿನಲ್ಲೋ ಬುಡದಲ್ಲೋ, ನರ ಹಸಿರಿದೆಯೋ, ಹೊಲದ ಯಾವ ಮೂಲೆಯಲ್ಲಿ ಶುರುವಾಯಿತು, ಅಲ್ಲಿ ನೀರು ನಿಲ್ಲುತ್ತದೆಯೋ, ಆ ಜಾಗವನ್ನು ಯಾವಾಗಲಾದರೂ ಕೆರೆಸಿದ್ದೀರೋ, ಹೊಲದಲ್ಲಿ ಹಸಿರಾಗಿ ಉಳಿದದ್ದು ಎಲ್ಲಿ ಎಂಬವು ಅದಕ್ಕಿಂತ ಮುಂಚಿನವು. ಕೊನೆಯದನ್ನು ಹೊಲದಲ್ಲಿ ದಿನಾಲೂ ಮೇವು ಕೊಯ್ಯುವವರನ್ನು, ಕಳೆ ಕೀಳುವವರನ್ನು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಅನುಮಾನವಿದ್ದರೆ ಚೀಲ ತರುವ ಮುನ್ನ ಬ್ರಷ್ಷಿನ ಪರೀಕ್ಷೆ ಮಾಡಬಹುದು. ಅದಕ್ಕೆ ವಾರದ ತಾಳ್ಮೆ ಬೇಕು, ಹಣ ಬೇಕಿಲ್ಲ.

ಮುಂದಿನ ಬೇಸಿಗೆಗೆ ಆ ಕುಟುಂಬ ಒಂಟಿ ಬೆಳೆಯಾಗಿ ಶೇಂಗಾವನ್ನು ಮೇಲ್ಭಾಗಕ್ಕೆ ಮಾತ್ರ ಸೀಮಿತಗೊಳಿಸಿತು. ಕೆಳತುದಿಯಲ್ಲಿ ಮೇವಿನ ಮೆಕ್ಕೆಜೋಳದ ಎರಡು ಸಾಲು, ಶೇಂಗಾದ ನಾಲ್ಕು ಸಾಲು ಎಂಬ ಲೆಕ್ಕದಲ್ಲಿ ಪಟ್ಟಿಗಳನ್ನು ಹಾಕಿ, ಡಿಎಪಿಯನ್ನು ಆ ವರ್ಷಕ್ಕೆ ಕೈಬಿಟ್ಟು, ಉಳುಮೆಗೆ ಮುಂಚೆ ಕೊಟ್ಟಿಗೆ ಗೊಬ್ಬರ ಸೇರಿಸಲಾಯಿತು. ದಿಬ್ಬ ಕೆರೆದ ಜಾಗಕ್ಕೆ ಕೆರೆಯ ಹೂಳು ತಂದು ಹಾಕುವ ಯೋಚನೆಯಿದ್ದು, ಹೂಳಿನಲ್ಲೂ ಸುಣ್ಣವಿದೆಯೇ ಎಂದು ನೋಡಲು ಅದರ ಮಾದರಿಯನ್ನು ಮೊದಲು ಪರೀಕ್ಷೆಗೆ ಕಳಿಸಲಾಗಿದೆ. ಅಲ್ಲಿಯವರೆಗೆ ಆ ತುಂಡಿನಲ್ಲಿ ಜೋಳ ಬಿತ್ತಿದ್ದಾರೆ.